ಬಿಟ್ಟಿ ಚಾಕರಿಯ ಬುಡ ಹುಡುಕುವ ಬಗೆ

ದಾವಣಗೆರೆ ಕಡೆ ಈ ಮಾತಿಗೆ ಬರವಿಲ್ಲ. ಎರಡು ತಿಂಗಳ ಪಗಾರ ನಿಂತುಹೋದ ಹುಡುಗ “ನಾನೇನು ಬಿಟ್ಟಿ ಚಾಕ್ರಿ ಮಾಡಾಕೆ ಬಂದೀನೇನ್ರೀ” ಎಂದು ಮಾಲೀಕರ ಮುಂದೆ ದನಿ ಎತ್ತುತ್ತಾನೆ. ಮದುವೆ ಮನೆಯಲ್ಲಿ ಒಲೆ ಮುಂದಿನಿಂದ ಏಳದೆ ದುಡಿದ ಚಿಕ್ಕಮ್ಮ, ಸೀರೆ ಕೊಡುವ ಹೊತ್ತಿಗೆ ತನ್ನ ಹೆಸರು ಯಾರಿಗೂ ನೆನಪಾಗದಿದ್ದಾಗ ಇದನ್ನೇ ಗೊಣಗುತ್ತಾಳೆ. ಹಳೆ ಕಡತಗಳಿಗೆ ದಿನವಿಡೀ ನಂಬರು ಬರೆಯುವ ಗುಮಾಸ್ತ ಮಾತ್ರ ಸ್ವಲ್ಪ ಬದಲಿಸಿ “ಕತ್ತೆ ಚಾಕರಿ” ಅನ್ನುತ್ತಾನೆ. ಅವನಿಗೆ ಸಂಬಳ ಬರುತ್ತದೆ, ಬಿಟ್ಟಿ ಅನ್ನುವಂತಿಲ್ಲ. ಈ ವ್ಯತ್ಯಾಸವನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಆದರೂ ತಪ್ಪುವವರಿಲ್ಲ.

ಪದ ಎಲ್ಲಿಂದ ಬಂತು ಎಂದು ಕೇಳಿ ನೋಡಿ. “ಕೂಲಿ ಬಿಟ್ಟು ಮಾಡೋದಕ್ಕೆ ಬಿಟ್ಟಿ ಅಂತಾರೆ” ಎಂಬ ಉತ್ತರ ಥಟ್ಟನೆ ಬರುತ್ತದೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಸರಿಯಾದ ಬುಡಕ್ಕೆ ಹೋಗುವ ದಾರಿ ಇಲ್ಲಿದೆ. ಕಾಲೇಜಿನ ಕಿರುಪ್ರಬಂಧ ಬರೆಯುವವರಿಗೆ, ಊರಿನ ಪದಗಳನ್ನು ಕೂಡಿಡುವ ಮೇಷ್ಟ್ರುಗಳಿಗೆ, ಸುಮ್ಮನೆ ಕುತೂಹಲ ಇರುವವರಿಗೆ ಉಪಯೋಗವಾದೀತು. ಬೇಕಾದದ್ದು ಒಂದು ನೋಟ್‌ಬುಕ್, ಇಂಟರ್ನೆಟ್ ಇರುವ ಫೋನು, ಗ್ರಂಥಾಲಯದಲ್ಲಿ ಕೂರಲು ಒಂದಿಷ್ಟು ಮಧ್ಯಾಹ್ನಗಳು. ಈ ಕೆಲಸಕ್ಕೂ ಯಾರೂ ದುಡ್ಡು ಕೊಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

1. ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ

ಪದ ಒಂದನ್ನೇ ಗೀಚಿಕೊಂಡರೆ ಸಾಲದು. ಇಡೀ ವಾಕ್ಯ ಬೇಕು. ಯಾರು ಯಾರಿಗೆ ಹೇಳಿದರು, ಎಲ್ಲಿ, ಯಾವ ಕೆಲಸದ ಬಗ್ಗೆ ಎಂಬುದೂ ಬೇಕು. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುವವರು, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತವರು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು ಎಲ್ಲರೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆ ಎಂದುಕೊಳ್ಳಬೇಡಿ. ‘ಚಾಕರಿ’ ಎಂದರೋ ‘ಚಾಕ್ರಿ’ ಎಂದರೋ ಅದನ್ನೂ ತಿದ್ದದೆ ಬರೆಯಿರಿ.

ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ. ದುಡ್ಡು ಯಾರು ಕೊಡಬೇಕಿತ್ತು, ಕೊಟ್ಟರೋ ಇಲ್ಲವೋ? ದುಡಿಮೆಯ ಪದಗಳನ್ನು ಬಿಡಿಸುವಾಗ ಈ ಕಾಲಮ್ಮಿನಷ್ಟು ಕೆಲಸಕ್ಕೆ ಬರುವುದು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಮಾಲಿಗೆ ಚೀಲಕ್ಕಿಷ್ಟು ಎಂಬ ದರ ಉಂಟು. ಕೂಲಿಗೆ ದಿನಕ್ಕಿಷ್ಟು, ಅಲ್ಲಿ ಕೆಲಸಕ್ಕೂ ದುಡ್ಡಿಗೂ ಹೆಸರು ಒಂದೇ. ಕತ್ತೆ ಚಾಕರಿಗೆ ಪಗಾರ ಉಂಟು, ಮರ್ಯಾದೆ ಇಲ್ಲ, ಕೆಲಸ ಮುಗಿಯಿತು ಎಂಬುದೂ ಇಲ್ಲ. ಜೀತದಲ್ಲಿ ದುಡ್ಡು ಸಾಲವಾಗಿ ಮೊದಲೇ ಬಂದು ಖರ್ಚಾಗಿರುತ್ತದೆ, ಹೆಗಲು ಮಾತ್ರ ಉಳಿದಿರುತ್ತದೆ. ಬಿಟ್ಟಿ ಚಾಕರಿಯ ಮುಂದೆ ಕಾಲಂ ಖಾಲಿ.

2. ಜೋಡಿ ಪದ ಬಿಡಿಸಿ

ಬಿಟ್ಟಿ ಊಟ, ಬಿಟ್ಟಿ ಸಲಹೆ ಎನ್ನುತ್ತೇವೆ. ದನಕರುಗಳ ಚಾಕರಿ, ಹಾಸಿಗೆ ಹಿಡಿದ ಅತ್ತೆಯ ಚಾಕರಿ ಎನ್ನುತ್ತೇವೆ. ಎರಡೂ ತಮ್ಮ ಪಾಡಿಗೆ ತಾವು ಬದುಕುವ ಪದಗಳು. ಆದ್ದರಿಂದ ಎರಡು ಹಾಳೆ ಮಾಡಿಕೊಂಡು ಬೇರೆ ಬೇರೆಯಾಗಿ ಹುಡುಕಿ. ಎರಡೂ ಒಂದೇ ಭಾಷೆಯಿಂದ ಬಂದಿರಬೇಕೆಂದೇನಿಲ್ಲ, ಇಲ್ಲಂತೂ ಬಂದಿಲ್ಲ.

3. ನಿಘಂಟುಗಳನ್ನು ಸರಿಯಾದ ಸರದಿಯಲ್ಲಿ ತೆಗೆಯಿರಿ

ಮೊದಲು ಕಿಟೆಲ್. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂಟರ್ನೆಟ್ ಆರ್ಕೈವಿನಲ್ಲಿ ಅದರ ಸ್ಕ್ಯಾನ್ ಪ್ರತಿ ಸಿಗುತ್ತದೆ. ಮುನ್ನುಡಿಯ ಬಳಿ ಇರುವ ಕಿರುಗುರುತುಗಳ ಪಟ್ಟಿಯನ್ನು ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಪ್ರತಿ ಪದಕ್ಕೂ ಹಿಂದೆ ಮುಂದೆ ಓಡಾಡಬೇಕಾಗುತ್ತದೆ. ‘ಬಿಟ್ಟಿ’ಯ ಬಳಿ ಹೋದರೆ ಅದು ‘ವಿಷ್ಟಿ’ಯ ತದ್ಭವ ಎಂಬ ಸುಳಿವು ಸಿಗುತ್ತದೆ.

ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು. ಒಂದೊಂದು ಅರ್ಥಕ್ಕೂ ಶಾಸನ, ಕಾವ್ಯ, ವಚನಗಳಿಂದ ಪ್ರಯೋಗ ಕೊಟ್ಟಿರುವುದೇ ಇದರ ಹೆಚ್ಚುಗಾರಿಕೆ. ಅರ್ಥವನ್ನಷ್ಟೇ ಓದಿ ಪುಟ ಮಗುಚಬೇಡಿ. ಪ್ರಯೋಗಗಳನ್ನು ಕಾಲದ ಸರದಿಯಲ್ಲಿ ನಕಲು ಮಾಡಿಕೊಳ್ಳಿ. ವಿ. ಕೃಷ್ಣ ಅವರ ‘ಅಲರ್’ ಫೋನಿನಲ್ಲಿ ಬಳಸಲು ಬಹಳ ಸಲೀಸು. ಆದರೆ ಅರ್ಥ ತಿಳಿಯಲು ಅದು ಸಾಕು, ಬೇರು ತಿಳಿಯಲು ಕಿಟೆಲ್ಲಿಗೇ ಮರಳಬೇಕು.

ವಿಷ್ಟಿ ಎಂದು ಗೊತ್ತಾದ ಮೇಲೆ ಸಂಸ್ಕೃತದ ನಿಘಂಟಿಗೆ ದಾಟಿ. 1899ರ ಮೋನಿಯರ್ ವಿಲಿಯಮ್ಸ್ ನಿಘಂಟು ಇದನ್ನು ‘ಕೆಲಸದಲ್ಲಿ ತೊಡಗು’ ಎಂಬರ್ಥದ ವಿಷ್ ಧಾತುವಿಗೆ ಸೇರಿಸಿ, ಬಲವಂತದ ಸೇವೆ, ಬೇಸರದ ದುಡಿಮೆ ಎಂದು ಅರ್ಥ ಕೊಡುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪದ ಬರುತ್ತದೆ. ಕಮ್ಮಾರ, ಬಡಗಿ ಮುಂತಾದ ಕಸುಬಿನವರಿಂದ ರಾಜ ತಿಂಗಳಿಗೊಂದು ದಿನ ಕೆಲಸ ಮಾಡಿಸಿಕೊಳ್ಳಬಹುದು ಎಂದು ಮನುಸ್ಮೃತಿಯ 7ನೇ ಅಧ್ಯಾಯ ಹೇಳುತ್ತದೆ. ಅಂದರೆ ವಿಷ್ಟಿ ಮೊದಲಿಗೆ ಬೈಗುಳವಾಗಿರಲಿಲ್ಲ, ಬೆವರಿನಲ್ಲಿ ಕಟ್ಟುವ ಕಂದಾಯವಾಗಿತ್ತು.

4. ಉಚ್ಚಾರಣೆಯ ದಾರಿ ಒಪ್ಪುತ್ತದೆಯೇ ನೋಡಿ

ನಿಘಂಟು ಹೇಳಿತೆಂದು ಸುಮ್ಮನೆ ನಂಬಬೇಕಿಲ್ಲ. ವಿಷ್ಟಿ ಬಿಟ್ಟಿ ಆಗಬಲ್ಲುದೇ? ಅದೇ ದಾರಿಯಲ್ಲಿ ನಡೆದು ಬಂದ ಬೇರೆ ಪದಗಳಿದ್ದರೆ ಆಗಬಲ್ಲುದು.

ಮೊದಲು ‘ಷ್ಟ’ ನೋಡಿ. ದೃಷ್ಟಿ ದಿಟ್ಟಿಯಾಯಿತು, ಇಷ್ಟಿಕಾ ಇಟ್ಟಿಗೆಯಾಯಿತು, ಗೋಷ್ಠಿ ಗೊಟ್ಟಿಯಾಯಿತು, ಶ್ರೇಷ್ಠಿ ಸೆಟ್ಟಿಯಾದ. ಇನ್ನು ‘ವಿ’ ನೋಡಿ. ವಿಷ ಬಿಸವಾಯಿತು, ವಿಧಿ ಬಿದಿಯಾಯಿತು, ವಿಜ್ಞಾಪನೆ ಬಿನ್ನಪವಾಯಿತು, ವೀಥಿ ನಮ್ಮ ಬೀದಿಯಾಯಿತು. ಎರಡೂ ಸಾಲು ಕೂಡಿಸಿ: ವಿಷ್ಟಿ, ಬಿಟ್ಟಿ. ಇಂಥ ಬದಲಾವಣೆಗಳನ್ನು 13ನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ವರ್ಗ ಮಾಡಿ ತೋರಿಸಿದ್ದಾನೆ. ಹಳಗನ್ನಡ ಓದಲು ಬಾರದಿದ್ದರೂ ಆ ಭಾಗದ ಉದಾಹರಣೆಗಳ ಮೇಲೆ ಕಣ್ಣಾಡಿಸಿ, ಕಿವಿ ಹದವಾಗುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿಯ ‘ಭಟ್ಟಿ’ಯೂ ಇಂಥದ್ದೇ. ಹುರಿಯುವ ಪಾತ್ರೆಗೆ ಸಂಸ್ಕೃತದಲ್ಲಿ ಭ್ರಾಷ್ಟ್ರ ಎನ್ನುತ್ತಾರೆ. ಅದು ಪ್ರಾಕೃತದಲ್ಲಿ ಸವೆದು, ಉತ್ತರದ ಮಾತುಗಳಲ್ಲಿ ಹಾದು ನಮ್ಮಲ್ಲಿಗೆ ಬಂತು.

‘ಬಿಟ್ಟು ಮಾಡೋದು ಬಿಟ್ಟಿ’ ಎಂಬ ವಿವರಣೆ ಸೋಲುವುದು ಇಲ್ಲಿಯೇ. ಬಿಡು ಧಾತುವಿಗೆ ಇಕಾರ ಅಂಟಿಸಿ ‘ಬಿಟ್ಟದ್ದು’ ಎಂಬ ಅರ್ಥದ ನಾಮಪದ ಮಾಡುವ ರೂಢಿ ಕನ್ನಡದಲ್ಲಿಲ್ಲ. ಕೊಟ್ಟದ್ದಕ್ಕೆ ‘ಕೊಟ್ಟಿ’ ಅನ್ನುತ್ತೇವೆಯೇ, ಸುಟ್ಟದ್ದಕ್ಕೆ ‘ಸುಟ್ಟಿ’ ಅನ್ನುತ್ತೇವೆಯೇ? ಊಹೆ ಎಷ್ಟೇ ಚಂದ ಇದ್ದರೂ ಅದೇ ಅಚ್ಚಿನ ಎರಡು ಮೂರು ಪದ ತೋರಿಸಲಾಗದಿದ್ದರೆ ಕೈಬಿಡಿ. ಪುಕ್ಕಟೆ ಎಂಬರ್ಥದ ‘ಓಸಿ’ ಪದಕ್ಕೂ ಕಂಪನಿ ಸರ್ಕಾರದ ಅಂಚೆ ಮೊಹರಿನ ಕಥೆಯೊಂದನ್ನು ಎಲ್ಲರೂ ಹೇಳುತ್ತಾರೆ. ಹೇಳುವವರ ಬಳಿ ಕಥೆ ಇರುತ್ತದೆ, ಮೊಹರು ಇರುವುದಿಲ್ಲ.

ಒಂದೇ ರೂಪಕ್ಕೆ ಎರಡು ಬೇರು ಇರುವುದೂ ಉಂಟು. ಹೊಯ್ಸಳರ ವಿಷ್ಣುವರ್ಧನನಿಗೆ ಬಿಟ್ಟಿದೇವ, ಬಿಟ್ಟಿಗ ಎಂಬ ಹೆಸರುಗಳಿದ್ದವು. ಅವನ ಕಾಲದ ಹೆಸರುಗಳಲ್ಲಿ ಬಿಟ್ಟಿ ಕಂಡ ಕೂಡಲೇ ಬಿಟ್ಟಿ ಚಾಕರಿ ಎಂದು ಹಾರಬೇಡಿ. ಅಲ್ಲಿ ಬಿಟ್ಟಿ ಬಂದದ್ದು ವಿಷ್ಣುವಿನಿಂದ. ಕೃಷ್ಣ ಕಿಟ್ಟನಾದ ಹಾಗೆ, ಕಿಟ್ಟಪ್ಪನಾದ ಹಾಗೆ ವಿಷ್ಣು ಬಿಟ್ಟಿಯಾದ. ಪಂಚಾಂಗ ನೋಡುವ ಹಿರಿಯರಿಗೆ ‘ವಿಷ್ಟಿ ಕರಣ’ ಗೊತ್ತಿರುತ್ತದೆ, ಭದ್ರಾ ಎಂದೂ ಕರೆಯುತ್ತಾರೆ, ಶುಭಕಾರ್ಯಕ್ಕೆ ಆಗದು. ನೋಟ್‌ಬುಕ್ಕಿನಲ್ಲಿ ಅದಕ್ಕೂ ಬೇರೆ ಪುಟ ಕೊಡಿ, ಕೂಲಿಯ ಹಾಳೆಗೆ ಬೆರೆಸಬೇಡಿ.

5. ನೆರೆಯ ಭಾಷೆಗಳನ್ನು ಕೇಳಿ

ಚಳ್ಳಕೆರೆ, ಮೊಳಕಾಲ್ಮೂರು ದಾಟಿದರೆ ಆಂಧ್ರ. ಅಲ್ಲಿ ‘ವೆಟ್ಟಿ ಚಾಕಿರಿ’. ತೆಲಂಗಾಣದಲ್ಲಿ 1946ರಿಂದ 1951ರವರೆಗೆ ನಡೆದ ರೈತರ ಸಶಸ್ತ್ರ ಹೋರಾಟದ ಚರಿತ್ರೆ ಓದಿದವರಿಗೆ ಈ ಪದ ಪರಿಚಿತ, ‘ದೊರೆ’ ಎನಿಸಿಕೊಂಡ ಜಮೀನ್ದಾರರ ಕೋಟೆಮನೆಗಳಲ್ಲಿ ಊರೂರೇ ಮಾಡುತ್ತಿದ್ದ ವೆಟ್ಟಿಯೂ ಆ ಹೋರಾಟಕ್ಕೆ ಕಾರಣವಾಗಿತ್ತು. ತಮಿಳಿನಲ್ಲಿ ‘ವೆಟ್ಟಿ’ ಎಂದರೆ ಕೂಲಿಯಿಲ್ಲದ ದುಡಿಮೆ, ಈಗ ಪ್ರಯೋಜನವಿಲ್ಲದ್ದು ಎಂಬರ್ಥವೂ ಸೇರಿದೆ. ಮರಾಠಿಯಲ್ಲಿ ‘ವೇಠ್’, ಜೋಡಿಯಾಗಿ ‘ವೇಠಬಿಗಾರ್’. ನೆರೆಯ ಮೂರು ಭಾಷೆಗಳಲ್ಲಿ ವಕಾರ ಉಳಿದಿದೆ, ಕನ್ನಡದಲ್ಲಿ ಮಾತ್ರ ಬಕಾರ ಬಂದಿದೆ. ಹಿಂದಿನ ಹೆಜ್ಜೆಯಲ್ಲಿ ನಾವು ಹಾಕಿದ ಲೆಕ್ಕಕ್ಕೆ ಇದೇ ಸಾಕ್ಷಿ.

ಜೀತದ ವಿಷಯಕ್ಕಂತೂ ಗಡಿ ದಾಟಲೇಬೇಕು. ಸಂಸ್ಕೃತದ ಜೀವಿತ ಸವೆದು ಜೀತವಾಯಿತು, ಅರ್ಥ ಬದುಕಿಗೆ ಆಧಾರ, ಸಂಬಳ. ತೆಲುಗಿನಲ್ಲಿ ‘ಜೀತಂ’ ಈಗಲೂ ತಿಂಗಳ ಸಂಬಳವೇ. ರಾಯದುರ್ಗದ ಮೇಷ್ಟ್ರು ಜೀತಂ ಬಂತೆಂದು ಖುಷಿಪಟ್ಟರೆ ಮೊಳಕಾಲ್ಮೂರಿನವರು ಗಾಬರಿ ಬೀಳಬೇಕಿಲ್ಲ. ಕನ್ನಡದಲ್ಲಿ ಅದೇ ಪದ ಸಾಲಕ್ಕೆ ಮನುಷ್ಯನನ್ನೇ ಒತ್ತೆ ಇಟ್ಟುಕೊಳ್ಳುವ ಪದ್ಧತಿಯ ಹೆಸರಾಗಿ ನಿಂತಿತು.

6. ಶಾಸನದಲ್ಲಿ ಹುಡುಕುವಾಗ ಜಿಲ್ಲೆಯ ಹಳೆ ಗಡಿ ನೆನಪಿರಲಿ

ಹೆಚ್ಚು ಜನ ದಾರಿ ತಪ್ಪುವುದು ಈ ಹೆಜ್ಜೆಯಲ್ಲಿ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ದಾವಣಗೆರೆ ಜಿಲ್ಲೆ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಬೇಕಾದರೆ ಚಿತ್ರದುರ್ಗದ 11ನೇ ಸಂಪುಟ ತೆಗೆಯಿರಿ. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗಕ್ಕೆ ಸೇರಿದ್ದವು, ಅವು 7ನೇ ಸಂಪುಟದಲ್ಲಿವೆ. ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆ ಕಡೆಯ ಕನ್ನಡ ಶಾಸನಗಳಿಗೆ ದಕ್ಷಿಣ ಭಾರತದ ಶಾಸನಗಳ ಮಾಲೆಯ 9ನೇ ಸಂಪುಟ ನೋಡಬೇಕು. ರೈಸರ ಸಂಪುಟಗಳಲ್ಲಿ ಮೂಲಪಾಠದ ಜೊತೆ ಇಂಗ್ಲಿಷ್ ಅನುವಾದವೂ ಇರುವುದರಿಂದ ಮೊದಲು ಅನುವಾದದಲ್ಲಿ ತೆರಿಗೆಯ ಸಾಲು ಹುಡುಕಿ, ಅಲ್ಲಿಂದ ಮೂಲಕ್ಕೆ ಹೋಗುವುದು ಸುಲಭ.

ಹುಡುಕಬೇಕಾದ್ದು ತೆರಿಗೆಗಳ ಪಟ್ಟಿಯನ್ನು. ದೇವಸ್ಥಾನಕ್ಕೋ ಅಗ್ರಹಾರಕ್ಕೋ ಭೂಮಿ ಕೊಡುವಾಗ ಯಾವ ಯಾವ ಬಾಬ್ತು ಮಾಫಿ ಎಂದು ಸಾಲಾಗಿ ಹೇಳುವ ಕಡೆ, ವಿಜಯನಗರ ಕಾಲದ ಶಾಸನಗಳಲ್ಲಿ ಸುಂಕ, ಕಾಣಿಕೆಗಳ ನಡುವೆ ಬಿಟ್ಟಿಯೂ ಕುಳಿತಿರುತ್ತದೆ. ಇಲ್ಲೊಂದು ತೊಡಕಿದೆ. ದಾನಶಾಸನಗಳಲ್ಲಿ ‘ಬಿಟ್ಟ’, ‘ಬಿಟ್ಟರು’ ಎಂಬ ಕ್ರಿಯಾಪದ ಹೆಜ್ಜೆಗೊಂದು ಸಿಗುತ್ತದೆ. ಅದು ದಾನವಾಗಿ ಬಿಟ್ಟುಕೊಟ್ಟದ್ದು, ಬಿಟ್ಟ ದತ್ತಿ. ಬಿಡು ಧಾತು. ಸವೆದ ಕಲ್ಲಿನಲ್ಲಿ ಗುಡಿಸು ಕಾಣದಿದ್ದರೆ ಬಿಟ್ಟ ಯಾವುದು, ಬಿಟ್ಟಿ ಯಾವುದು ಎಂದು ಹೇಳುವುದು ಪಂಡಿತರಿಗೂ ಕಷ್ಟವೇ. ಸುತ್ತಲಿನ ಪದಗಳನ್ನು ನೋಡಿ. ಸುಂಕ, ಕಾಣಿಕೆ ಜೊತೆಗಿದ್ದರೆ ತೆರಿಗೆ; ಗದ್ದೆ, ಬೆದ್ದಲು, ಧಾರೆ ಎರೆದದ್ದು ಜೊತೆಗಿದ್ದರೆ ದಾನ.

ಇನ್ನೂ ಹಿಂದಕ್ಕೆ ಹೋಗಬೇಕೆನಿಸಿದರೆ ಗುಜರಾತಿನ ಜುನಾಗಢದ ಬಂಡೆ ಶಾಸನದ ಪಾಠ ಓದಿ. ಒಡೆದುಹೋದ ಸುದರ್ಶನ ಕೆರೆಯನ್ನು ಕ್ರಿ.ಶ. 150ರ ಸುಮಾರಿಗೆ ಕ್ಷತ್ರಪ ರುದ್ರದಾಮ ದುರಸ್ತಿ ಮಾಡಿಸಿದ. ಊರಿನವರನ್ನೂ ಹಳ್ಳಿಯವರನ್ನೂ ಕರ, ವಿಷ್ಟಿ, ಪ್ರಣಯ (ಪ್ರೀತಿಯ ಕಾಣಿಕೆಯೆಂಬ ಹೆಸರಿನ ವಂತಿಗೆ) ಎಂಬ ವಸೂಲಿಗಳಿಂದ ಪೀಡಿಸದೆ, ತನ್ನ ಬೊಕ್ಕಸದಿಂದಲೇ ಕಟ್ಟಿಸಿದೆ ಎಂದು ಅದರಲ್ಲಿ ಹೇಳಿಸಿಕೊಂಡಿದ್ದಾನೆ. ಬಿಟ್ಟಿ ಮಾಡಿಸಿಕೊಳ್ಳಲಿಲ್ಲ ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸಿ ಹೆಮ್ಮೆಪಡಬೇಕಾದರೆ, ಉಳಿದವರು ಕೆರೆಕಟ್ಟೆಗಳನ್ನು ಹೇಗೆ ಕಟ್ಟಿಸುತ್ತಿದ್ದರೆಂದು ಬಿಡಿಸಿ ಹೇಳಬೇಕಿಲ್ಲ.

7. ಚಾಕರಿಗೆ ಪಾರಸಿ ಕಡೆ ತಿರುಗಿ

ಈಗ ಎರಡನೇ ಹಾಳೆ. ಸಂಸ್ಕೃತದಲ್ಲಿ ಹುಡುಕಿ ಕಾಲಹರಣ ಮಾಡಬೇಡಿ. ಪಾರಸಿಯಲ್ಲಿ ‘ಚಾಕರ್’ ಎಂದರೆ ಸೇವಕ, ‘ಚಾಕರೀ’ ಎಂದರೆ ಸೇವೆ. ಸ್ಟೈನ್‌ಗಾಸ್ ಅವರ ಪಾರಸಿ ನಿಘಂಟು, ಪ್ಲಾಟ್ಸ್ ಅವರ 1884ರ ಉರ್ದು-ಹಿಂದಿ ನಿಘಂಟು ಎರಡೂ ಶಿಕಾಗೊ ವಿಶ್ವವಿದ್ಯಾಲಯದ ತಾಣದಲ್ಲಿ ಹುಡುಕಲು ಸಿಗುತ್ತವೆ.

ಪಾರಸಿ ಪದ ನಮ್ಮ ಅಡುಗೆಮನೆವರೆಗೆ ಬಂದದ್ದು ಆಡಳಿತದ ದಾರಿಯಲ್ಲಿ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. 1687ರಲ್ಲಿ ಮೊಗಲರು ಸಿರಾ ಪ್ರಾಂತ್ಯ ಕಟ್ಟಿದಾಗ ಅದರ ಪರಗಣೆಗಳಲ್ಲಿ ಒಂದಾಯಿತು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು. ದಫ್ತರ, ತಹಶೀಲ್ದಾರ, ಜಮೀನು, ದರಖಾಸ್ತು ಮುಂತಾದವು ಕಚೇರಿ ಸೇರಿದ್ದು ಇಂಥ ಆಡಳಿತಗಳ ಬೆನ್ನು ಹಿಡಿದು. ಮರಾಠಿಯಲ್ಲೂ ಚಾಕರಿ ಬಳಕೆಯಲ್ಲಿರುವುದರಿಂದ ಆ ದಾರಿಯೂ ಇದ್ದೀತು. ನಿಮ್ಮ ಟಿಪ್ಪಣಿಯಲ್ಲಿ ‘ಪಾರಸಿ’ ಎಂದು ಬರೆದು, ಬಂದ ದಾರಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಮೂಲ ಬೇರೆ, ದಾರಿ ಬೇರೆ.

ಚಾಕರಿಯ ಜೊತೆಗೇ ‘ಬೇಗಾರ್’ ಕೂಡ ನೋಡಿಬಿಡಿ, ಅದೂ ಪಾರಸಿ, ಅರ್ಥವೂ ಬಿಟ್ಟಿಯದೇ. ಇದು ನಮ್ಮ ಸಂವಿಧಾನದಲ್ಲೇ ಇದೆ. 23ನೇ ವಿಧಿಯ ಇಂಗ್ಲಿಷ್ ಪಾಠವೂ ‘ಬೇಗಾರ್’ ಎಂದೇ ಬರೆದು ಅದನ್ನು ನಿಷೇಧಿಸುತ್ತದೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ವ್ಯಾಖ್ಯೆಯನ್ನೂ ತೆಗೆದು ನೋಡಿ. ದೇಶದ ಬೇರೆ ಬೇರೆ ಕಡೆ ಈ ಪದ್ಧತಿಗಿದ್ದ ಹೆಸರುಗಳನ್ನು ಅಲ್ಲಿ ಸಾಲಾಗಿ ಕೊಟ್ಟಿದ್ದಾರೆ, ಜೀತವೂ ವೆಟ್ಟಿಯೂ ಅದರಲ್ಲಿವೆ. ಪದ ಹುಡುಕುವವರು ಕಾನೂನಿನ ಪುಸ್ತಕವನ್ನು ಮುಟ್ಟುವುದೇ ಇಲ್ಲ, ಮುಟ್ಟಬೇಕು.

8. ಅರ್ಥ ಎಲ್ಲಿ ಹೊರಳಿತು ಎಂದು ಗುರುತಿಸಿ

ಬುಡ ಸಿಕ್ಕಿತೆಂದು ನಿಲ್ಲಿಸಿದರೆ ಕೆಲಸ ಅರ್ಧ. ಮೊದಲ ಹೆಜ್ಜೆಯ ಕಾಲಂ ಮತ್ತೆ ತೆರೆಯಿರಿ. ಹಳೆಯ ಬಿಟ್ಟಿಯಲ್ಲಿ ದುಡ್ಡು ಕಳೆದುಕೊಂಡವನು ದುಡಿದವನು. ಇವತ್ತಿನ ‘ಬಿಟ್ಟಿ ಸಿಕ್ತು’ ಎಂಬಲ್ಲಿ ದುಡ್ಡು ಉಳಿಸಿಕೊಂಡವನು ಪಡೆದವನು. ಕೂಲಿಯಿಲ್ಲದ ದುಡಿಮೆಯಿಂದ ಬೆಲೆಯಿಲ್ಲದ ವಸ್ತುವಿಗೆ ಪದ ಜಾರಿತು. ಮರಾಠಿ ಕಡೆಯಿಂದ ಬಂದ ‘ಪುಕ್ಕಟೆ’ ಅದರ ಪಕ್ಕದಲ್ಲಿ ಕೂತಿತ್ತು, ಈಗ ಎರಡನ್ನೂ ಅದಲು ಬದಲು ಮಾಡಿ ಬಳಸುತ್ತೇವೆ. ಆದರೆ ‘ಪುಕ್ಕಟೆ ಚಾಕರಿ’ ಎನ್ನುವಾಗ ನಾಲಿಗೆ ತಡವರಿಸುತ್ತದೆ. ಚಾಕರಿಯ ಮುಂದೆ ಹಳೆ ಬಿಟ್ಟಿಯೇ ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ.

ಚುನಾವಣೆ ಹತ್ತಿರ ಬಂದಾಗ ‘ಬಿಟ್ಟಿ ಭಾಗ್ಯ’ ಎಂಬ ಮಾತು ಕೇಳಿಸಿಕೊಳ್ಳಿ, ಹಾಳೆಯಲ್ಲಿ ಬರೆದುಕೊಳ್ಳಿ. ಯಾರ ಅಜ್ಜ ಮುತ್ತಜ್ಜಂದಿರು ಗೌಡರ, ಅಮಲ್ದಾರರ ಸಾಮಾನು ಬಿಟ್ಟಿ ಹೊತ್ತಿದ್ದರೋ, ಅಕ್ಕಿ ಪಡೆಯುವ ಸಾಲಿನಲ್ಲಿ ನಿಂತ ಅವರ ಮೊಮ್ಮಕ್ಕಳಿಗೇ ಅದೇ ಪದ ಈಗ ಬೈಗುಳ. ಯೋಜನೆಗಳ ಸರಿತಪ್ಪು ಬೇರೆ ಮಾತು. ಪದದ ಮಟ್ಟಿಗೆ ಇಷ್ಟು ದೊಡ್ಡ ತಿರುವು ನನಗೆ ದುಡಿಮೆಯ ಬೇರೆ ಯಾವ ಪದದಲ್ಲೂ ಕಂಡಿಲ್ಲ.

9. ಟಿಪ್ಪಣಿ ಬರೆಯಿರಿ

ಉದ್ದದ ಪ್ರಬಂಧ ಬೇಡ. ಒಂದು ಕಾರ್ಡಿನಲ್ಲಿ ಹಿಡಿಯುವಷ್ಟು ಸಾಕು:

ಬಿಟ್ಟಿ ಚಾಕರಿ, ನಾಮಪದ. ದಾವಣಗೆರೆ ಕಡೆ ಆಡುವಾಗ ‘ಬಿಟ್ಟಿ ಚಾಕ್ರಿ’. ಕೂಲಿಯಾಗಲಿ ಉಪಕಾರಸ್ಮರಣೆಯಾಗಲಿ ಸಿಗದ, ಬೇಸರ ತರುವ ಕೆಲಸ. ಪ್ರಯೋಗ: “ನಾನೇನು ಬಿಟ್ಟಿ ಚಾಕ್ರಿ ಮಾಡಾಕೆ ಬಂದೀನೇನ್ರೀ.” ಮೂಲ: ಬಿಟ್ಟಿ, ಸಂಸ್ಕೃತದ ವಿಷ್ಟಿಯ ತದ್ಭವ; ಚಾಕರಿ, ಪಾರಸಿಯ ಚಾಕರೀ. ನೆರೆಯಲ್ಲಿ: ತೆಲುಗು ವೆಟ್ಟಿ ಚಾಕಿರಿ, ತಮಿಳು ವೆಟ್ಟಿ, ಮರಾಠಿ ವೇಠಬಿಗಾರ್. ಬೆರೆಸಬಾರದ್ದು: ಬಿಟ್ಟ (ದಾನ ಕೊಟ್ಟ), ಬಿಟ್ಟಿದೇವ. ಹತ್ತಿರದ್ದು: ಕತ್ತೆ ಚಾಕರಿ (ಸಂಬಳ ಉಂಟು).

ಪ್ರಯೋಗ ಕೊಟ್ಟವರ ಹೆಸರು ಹಾಕಬೇಡಿ, ಊರು ಮತ್ತು ಕಸುಬು ಸಾಕು. ಮಾಲೀಕರ ಮೇಲೆ ಸಿಟ್ಟಿನಲ್ಲಿ ಆಡಿದ ಮಾತು ನಿಮ್ಮ ಕಾರ್ಡಿನಿಂದ ಅವರ ಕೆಲಸಕ್ಕೆ ಕುತ್ತು ತರಬಾರದು.

ಇದೇ ದಾರಿಯಲ್ಲಿ ಮುಂದಿನ ಪದ ಹಿಡಿಯುವುದಾದರೆ ಹಮಾಲಿಯಿಂದ ಶುರು ಮಾಡಿ, ಸುಲಭ. ಅರಬ್ಬಿಯಲ್ಲಿ ಹಮ್ಮಾಲ್ ಎಂದರೆ ಹೊರೆ ಹೊರುವವನು. ಕೂಲಿಗೆ ದಾರಿ ಬೇರೆ. ಅದು ತಮಿಳು, ತೆಲುಗುಗಳಲ್ಲೂ ಇರುವ ದ್ರಾವಿಡ ಪದ, ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಮೂಲ ನಿಘಂಟಿನಲ್ಲಿ (1984ರ ಎರಡನೇ ಆವೃತ್ತಿ) ನೋಡಿ. ಇಂಗ್ಲಿಷಿನವರ ‘ಕೂಲಿ’ಗೆ ಗುಜರಾತಿನ ಕೋಳಿ ಸಮುದಾಯದ ಹೆಸರನ್ನೂ ಮೂಲವಾಗಿ ಹೇಳುವವರಿದ್ದಾರೆ, ಆದ್ದರಿಂದ ಅದಕ್ಕೆ ಬೇರೆ ಕಾರ್ಡು ಮಾಡಿ. ಹೊಲದ ‘ಗೇಮೆ’ಯನ್ನು ಆಮೇಲೆ ಹಿಡಿಯಿರಿ. ಅದು ಹಳಗನ್ನಡದ ಗೆಯ್ ಧಾತುವಿನದು. ಈ ಪದಕ್ಕೆ ಪುಸ್ತಕಕ್ಕಿಂತ ಮೊದಲು ಬಿತ್ತನೆ ಕಾಲದಲ್ಲಿ ಜಗಳೂರು ಕಡೆ ಹೋಗಿ, “ಎಷ್ಟು ಗೇಯ್ದರೂ ಇಷ್ಟೇ” ಎನ್ನುವವರ ಪಕ್ಕ ಕೂತು ಕೇಳಿಸಿಕೊಳ್ಳುವುದು ಒಳ್ಳೆಯದು.